ಅಳಿವೆಯ ಮರಳು, ಅಟ್ಟೂರಿನ ಕೆಸರು

"ಮೇಡಂ, ನಿಮ್ಮಿಂದ ಒಂದು ಸಹಿ ಆಗ್ಬೇಕಿತ್ತು" ಎನ್ನುವುದೇ ಬಂದರು ಇಲಾಖೆಯ ಎಕ್ಸಿಕ್ಯುಟಿವ್ ಎಂಜಿನಿಯರರು ಫೋನಿನಲ್ಲಿ ಆಡಿದ ಮೊದಲ ಮಾತು. ನಾನು ಗಂಗಾನಗರದ ನಮ್ಮ ಮನೆಯ ಟೆರೇಸಿನಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ತಲೆಯ ಮೇಲೆ ಯಲಹಂಕದ ತರಬೇತಿ ವಿಮಾನವೊಂದು ಗುಡುಗುತ್ತಾ ಹೋದದ್ದರಿಂದ ಅವರು ಇನ್ನೊಮ್ಮೆ ಹೇಳಬೇಕಾಯಿತು. ಎರಡನೇ ಸಲ ಹೇಳುವಾಗ ಸ್ವಲ್ಪ ವಿವರವನ್ನೂ ಸೇರಿಸಿದರು.

ಕರಾವಳಿಯ ಒಂದು ಮೀನುಗಾರಿಕಾ ಬಂದರಿಗೆ ಎಕೋ ಸೌಂಡರ್ ಬೇಕಿತ್ತು. ದೋಣಿಯ ತಳದಿಂದ ನೀರಿನೊಳಕ್ಕೆ ಸದ್ದು ಬಿಟ್ಟು, ಅದು ನೆಲಕ್ಕೆ ಬಡಿದು ವಾಪಸ್ ಬರುವ ಸಮಯದಿಂದ ಆಳ ಹೇಳುವ ಯಂತ್ರ ಅದು. ಅಲ್ಲಿ ನದಿ ಕಡಲಿಗೆ ಸೇರುವ ಅಳಿವೆಯ ಬಾಯಿ ಪ್ರತಿ ಮಳೆಗಾಲದಲ್ಲಿ ಹೂಳು ತುಂಬಿ ದಾರಿ ಬದಲಿಸುತ್ತದೆ. ಎಲ್ಲಿ ಆಳ, ಎಲ್ಲಿ ದಿಬ್ಬ ಎಂದು ತಿಳಿಯದೆ ಹೋದ ದೋಣಿ ತಳ ತಾಗಿ, ಅಲೆಗೆ ಅಡ್ಡಬಿದ್ದು ಮಗುಚುತ್ತದೆ. ಮೀನುಗಾರಿಕೆ ನಿಷೇಧದ ಅವಧಿ ಮುಗಿದು ದೋಣಿಗಳು ಇಳಿಯುವ ಮೊದಲು ದಾರಿ ಅಳೆದು ಗುರುತು ಹಾಕಬೇಕು. ಟೆಂಡರ್ ಕರೆಯುತ್ತಾ ಕುಳಿತರೆ ತಡ. ಟೆಂಡರ್ ಇಲ್ಲದೆ ಕೊಳ್ಳಲು ಕಾಯ್ದೆಯಲ್ಲೇ ಒಂದು ಬಾಗಿಲಿದೆ. ಆ ವಸ್ತು ಒಬ್ಬರ ಬಳಿ ಮಾತ್ರ ಸಿಗುತ್ತದೆ, ಅದಕ್ಕೆ ಬದಲಿ ಇಲ್ಲ ಎಂದು ಮೂವರು ತಜ್ಞರು ದೃಢೀಕರಿಸಬೇಕು: ಕೊಳ್ಳುವ ಇಲಾಖೆಯಿಂದ ಒಬ್ಬರು, ಬೇರೊಂದು ಸರ್ಕಾರಿ ಸಂಸ್ಥೆಯಿಂದ ಒಬ್ಬರು, ಕಾಲೇಜೋ ಸಂಶೋಧನಾಲಯವೋ ಅಂಥ ಕಡೆಯಿಂದ ಒಬ್ಬರು. ಆಫೀಸಿನ ಭಾಷೆಯಲ್ಲಿ ಇದಕ್ಕೆ ಸಿಂಗಲ್ ಸೋರ್ಸ್ ಎನ್ನುತ್ತಾರೆ. ಸರ್ಕಾರಿ ಸಂಶೋಧನಾ ಲ್ಯಾಬಿನಿಂದ ರಿಟೈರ್ ಆದಮೇಲೆ ನಾನು ಯಲಹಂಕದ ಆಚೆಗಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನೀರೊಳಗಿನ ಶಬ್ದವಿಜ್ಞಾನದ ಪಾಠ ಹೇಳುತ್ತಿರುವುದರಿಂದ ಆ ಮೂರನೆಯ ಖುರ್ಚಿ ನನ್ನದಾಯಿತು.

"ಯಾರ ಮೆಷೀನು?" ಎಂದು ಕೇಳಿದೆ.

ಅವರು ಕಂಪನಿಯ ಹೆಸರು ಹೇಳಿದರು. ನನ್ನ ಕೈಯಲ್ಲಿದ್ದ ಒದ್ದೆ ದಿಂಬಿನ ಕವರನ್ನು ನಾನು ಮತ್ತೊಮ್ಮೆ ಹಿಂಡಿದೆ. ಅದರಲ್ಲಿ ನೀರೇನೂ ಉಳಿದಿರಲಿಲ್ಲ.

ಆ ಕಂಪನಿಯ ಒಡತಿ ನನ್ನ ಗೆಳತಿ. ಕಾನ್ವೆಂಟಿನಲ್ಲಿ ಒಂದೇ ಬೆಂಚು, ಆಮೇಲೆ ಲ್ಯಾಬಿನಲ್ಲಿ ಒಂದೇ ಸೆಕ್ಷನ್. ಅವಳು ನಡುವಯಸ್ಸಿನಲ್ಲಿ ರಾಜೀನಾಮೆ ಬಿಸಾಕಿ ಒಂದು ಶೀಟಿನ ಶೆಡ್ಡಿನಲ್ಲಿ ಕೆಲಸ ಶುರುಮಾಡಿದಾಗ, ಪಾಪ, ಇವಳಿಗೇನಾಯಿತು ಎಂದು ಎಲ್ಲರಿಗಿಂತ ಜೋರಾಗಿ ಹೇಳಿದವಳು ನಾನು. ಈಗ ಯಲಹಂಕ ನ್ಯೂ ಟೌನಿನಲ್ಲಿ ಅವಳದು ಎರಡಂತಸ್ತಿನ ಕಾರ್ಖಾನೆ. ನಮ್ಮ ಸಿಸ್ಟರುಗಳು jealousy ಒಂದು ಪಾಪ ಎಂದು ಕಲಿಸಿದ್ದರು. ಕನ್ನಡ ಅದನ್ನು ಪಾಪ ಪುಣ್ಯದ ಲೆಕ್ಕಕ್ಕೆ ತರದೆ ಹೊಟ್ಟೆಕಿಚ್ಚು ಎಂದು ನೇರವಾಗಿ ಜಾಗ ತೋರಿಸಿಬಿಡುತ್ತದೆ. ನನಗೆ ಕನ್ನಡದ್ದೇ ಹೆಚ್ಚು ನಿಜ ಅನ್ನಿಸಿದೆ.

ಮೊದಲ ಮೀಟಿಂಗಿನಲ್ಲೇ ಹೇಳಿಬಿಟ್ಟೆ, "ಸಾರ್, ಕಂಪನಿಯ ಓನರ್ ನನಗೆ ಸ್ಕೂಲಿನಿಂದ ಗೊತ್ತು. ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್ ಆಗುತ್ತೆ. ಬೇರೆ ಯಾರನ್ನಾದ್ರೂ ಹಾಕ್ಕೊಳ್ಳಿ."

ಸಮಿತಿಯ ಅಧ್ಯಕ್ಷರಾಗಿದ್ದವರು ಅದೇ ಎಕ್ಸಿಕ್ಯುಟಿವ್ ಎಂಜಿನಿಯರ್. ಒಳ್ಳೆಯ ಮನುಷ್ಯ, ನಿವೃತ್ತಿಗೆ ಹತ್ತಿರ, ಎದೆಯ ಜೇಬಿನಲ್ಲಿ ಸದಾ ಎರಡು ಪೆನ್ನು. "ಮೇಡಂ, ಬೆಂಗಳೂರಲ್ಲಿ ಈ ಲೈನಲ್ಲಿರೋರು ಒಂದು ಮಿನಿ ಬಸ್ಸಿಗೆ ಸಾಕಾಗಲ್ಲ. ಎಲ್ರಿಗೂ ಎಲ್ರೂ ಗೊತ್ತು. ನಿಮಗೆ ಕಂಪನಿಯಲ್ಲಿ ಷೇರು ಇದೆಯಾ?"

"ಇಲ್ಲ."

"ಸಂಬಂಧಿಕರಾ?"

"ಅಲ್ಲ."

"ಮತ್ತೆ? ಪರಿಚಯ ಇದೆ ಅಂತ ನಡಾವಳಿಯಲ್ಲಿ ಬರೆಸ್ತೀನಿ, ಮುಗೀತು."

ಎರಡನೇ ಸದಸ್ಯ ಬೇರೊಂದು ನಿಗಮದ ಯುವ ಅಧಿಕಾರಿ, ಆರ್.ಟಿ. ನಗರದ ಹುಡುಗ, ಮಾತಿನಲ್ಲಿ ಚುರುಕು. "ಫ್ರೆಂಡ್ ಅಂದ್ರೆ ಸಹಿ ಬೇಗ ಆಗುತ್ತೆ ಬಿಡಿ ಸಾರ್" ಎಂದು ನಕ್ಕ. ಸ್ನೇಹದಿಂದ ಪಕ್ಷಪಾತ ಮಾಡಿಯೇನೆಂಬ ಅನುಮಾನಕ್ಕೆ ನಡಾವಳಿಯಲ್ಲಿ ಒಂದು ಸಾಲು ಸಿಕ್ಕಿತು. ಅದರ ತಿರುಗುಮುರುಗಿಗೆ ಕಾಲಂ ಇರಲಿಲ್ಲ, ನಾನೂ ಕೇಳಲಿಲ್ಲ.

ಮುಂದಿನ ಕೆಲಸ ಕಾರ್ಖಾನೆಯ ಭೇಟಿ. ಅವಳು ಗೇಟಿಗೇ ಬಂದಿದ್ದಳು. ಕಾಟನ್ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂ, ಕನ್ನಡಕ ತಲೆಯ ಮೇಲೆ. "ಬಾರಮ್ಮಾ ಮಾನಿಟರ್" ಎಂದಳು ಎಲ್ಲರೆದುರು. ಏಳನೇ ಕ್ಲಾಸಿನಲ್ಲಿ ನಾನು ಕ್ಲಾಸ್ ಮಾನಿಟರ್ ಆಗಿದ್ದೆ, ಗಲಾಟೆ ಮಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಅವಳ ಹೆಸರು ದಿನಾ ಇರುತ್ತಿತ್ತು.

ಅವಳ ಕಾರು, ಗೋಡೆಯ ಮೇಲಿನ ಪ್ರಶಸ್ತಿಗಳು, ಸಚಿವರೊಬ್ಬರು ಶಾಲು ಹೊದಿಸುತ್ತಿರುವ ಫೋಟೊ, ಇವನ್ನೆಲ್ಲ ನಾನು ನೋಡಿಯೂ ನೋಡದಂತೆ ದಾಟಿದೆ. ಅದಕ್ಕೆ ನನ್ನನ್ನು ತಯಾರು ಮಾಡಿಕೊಂಡೇ ಹೋಗಿದ್ದೆ. ತಯಾರಿರದಿದ್ದದ್ದು ಟ್ಯಾಂಕಿಗೆ. ಕಾರ್ಖಾನೆಯ ಹಿಂಬದಿಯಲ್ಲಿ ಆಳವಾದ ನೀರಿನ ತೊಟ್ಟಿ, ಸದ್ದು ಗೋಡೆಗೆ ಬಡಿದು ಮರುಕಳಿಸದಂತೆ ಸುತ್ತಲೂ ಮರದ ಮುಳ್ಳುಮುಳ್ಳು ಹಲಗೆಗಳು, ಮೇಲೆ ಯಂತ್ರವನ್ನು ನೀರಿಗಿಳಿಸಲು ಅತ್ತಿಂದಿತ್ತ ಸರಿಯುವ ಗ್ಯಾಂಟ್ರಿ. ಇಂಥದ್ದೊಂದು ಟ್ಯಾಂಕ್ ಬೇಕೆಂದು ನಾನು ಲ್ಯಾಬಿನಲ್ಲಿ ಬರೆದ ಟಿಪ್ಪಣಿಗಳು ಎಷ್ಟೋ. "may be examined" ಎಂಬ ಷರಾ ಹೊತ್ತು ವಾಪಸ್ ಬರುತ್ತಿದ್ದವು. ಕೊನೆಗೊಂದು ಚಿಕ್ಕದನ್ನು ಕೊಟ್ಟರು, ನನ್ನ ಪ್ರಾಜೆಕ್ಟ್ ಮುಚ್ಚಿದಮೇಲೆ ಅದರಲ್ಲಿ ಮುರಿದ ಖುರ್ಚಿಗಳನ್ನು ತುಂಬಿಟ್ಟರು.

ಇಲ್ಲಿ ಇಬ್ಬರು ಹುಡುಗಿಯರು ತೊಟ್ಟಿಯ ಅಂಚಿನಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು, ಚುರುಮುರಿ ತಿನ್ನುತ್ತಾ ಯಂತ್ರ ಪರೀಕ್ಷಿಸುತ್ತಿದ್ದರು. ಟಿಕ್, ಟಿಕ್, ಟಿಕ್ ಎಂದು ನೀರೊಳಗಿನಿಂದ ಸದ್ದು ಬರುತ್ತಿತ್ತು. ಅವಳು ಬಗ್ಗಿ ಒಬ್ಬಳ ಕೈಯಿಂದ ಚುರುಮುರಿ ತೆಗೆದುಕೊಂಡಳು.

"ಹೇಗಿದೆಯೇ ಟ್ಯಾಂಕು?" ಎಂದು ಕೇಳಿದಳು.

"ಮೂಲೆಯಲ್ಲಿ ಪಾಚಿ ಕಟ್ಟಿದೆ" ಎಂದೆ.

ಅವಳ ಯಂತ್ರದ ವಿಶೇಷ ಇಷ್ಟು. ಸಾಮಾನ್ಯ ಎಕೋ ಸೌಂಡರಿನ ಸದ್ದು ಮೆತ್ತನೆಯ ಕೆಸರಿನ ಮೇಲ್ಪದರಕ್ಕೇ ಬಡಿದು ಬರುತ್ತದೆ, ಇಲ್ಲವೇ ಕೆಸರಿನಲ್ಲಿ ಕಳೆದುಹೋಗುತ್ತದೆ. ಅವಳದು ಹಲವು ಸ್ವರಗಳನ್ನು ಒಂದರ ಹಿಂದೊಂದು ಬಿಟ್ಟು, ವಾಪಸ್ ಬಂದದ್ದನ್ನೆಲ್ಲ ಹೋಲಿಸಿ, ಕೆಸರು ಎಲ್ಲಿ ಶುರು, ಅದರಡಿಯ ಗಟ್ಟಿ ನೆಲ ಎಲ್ಲಿ ಶುರು ಎಂದು ಎರಡು ಬೇರೆ ಗೆರೆಗಳಲ್ಲಿ ತೋರಿಸುತ್ತದಂತೆ. ಇಲಾಖೆಯ ಬೇಡಿಕೆಪಟ್ಟಿಯಲ್ಲೂ ಅದೇ ಮುಖ್ಯ ಷರತ್ತು: ಮೃದು ಕೆಸರಿನ ಅಡಿಯ ಗಟ್ಟಿ ತಳವನ್ನು ಪ್ರತ್ಯೇಕವಾಗಿ ತೋರಿಸಬೇಕು.

ತೋರಿಸುತ್ತದಂತೆ ಎಂಬ ಆ 'ಅಂತೆ'ಯನ್ನು ಹಿಡಿದುಕೊಂಡು ನಾನು ಮನೆಗೆ ಬಂದೆ. ಬದಲಿ ಇಲ್ಲ ಎನ್ನಬೇಕಾದರೆ ಬದಲಿ ಹುಡುಕಿರಬೇಕು. ಅದು ಸರಿಯಾದ ಕ್ರಮವೂ ಹೌದು. ಆದರೆ ನಾನು ಹುಡುಕಿದ ಉತ್ಸಾಹ ಕ್ರಮಕ್ಕೆ ಬೇಕಾದದ್ದಕ್ಕಿಂತ ಹೆಚ್ಚಿತ್ತು. ಊಟ ಬಿಟ್ಟು ಫೋನ್ ಮಾಡಿದೆ. ಹಳೆಯ ವಿದ್ಯಾರ್ಥಿಗಳನ್ನು ಪೀಡಿಸಿದೆ. ಯಶವಂತಪುರದಲ್ಲಿ ವಿದೇಶಿ ಯಂತ್ರಗಳ ಡೀಲರ್ ಒಬ್ಬರು ಸಿಕ್ಕರು, ಪೀಣ್ಯದ ಕಡೆ ಸ್ವಂತವಾಗಿ ತಯಾರಿಸುವ ಸಣ್ಣ ಕಂಪನಿಯೊಂದು ಸಿಕ್ಕಿತು. ಇಬ್ಬರ ಕ್ಯಾಟಲಾಗಿನಲ್ಲೂ ಎರಡು ಸ್ವರದ ಯಂತ್ರವಿತ್ತು. ಒಂದು ಸ್ವರ ಕೆಸರಿನ ಮೇಲ್ಭಾಗಕ್ಕೆ, ಇನ್ನೊಂದು ಅಡಿಗೆ.

"ನಮ್ಮನ್ನ ಯಾರೂ ಕೇಳೇ ಇಲ್ವಲ್ಲ ಮೇಡಂ" ಎಂದರು ಯಶವಂತಪುರದ ಡೀಲರ್, ನೊಂದ ದನಿಯಲ್ಲಿ. "ಇದೆಲ್ಲ ಮೊದಲೇ ಫಿಕ್ಸ್ ಆಗಿರುತ್ತೆ ಬಿಡಿ."

ಆ ಮಾತು ನನ್ನ ಕಿವಿಗೆ ಜೇನಿನಂತೆ ಇಳಿಯಿತು. ಆಟೋದಲ್ಲಿ ವಾಪಸ್ ಬರುವಾಗ ದಾರಿಯುದ್ದಕ್ಕೂ ಹಾಡು ಗುನುಗುತ್ತಿದ್ದೆ. ನನ್ನ ಗೆಳತಿಗೆ ಒಂದು ಆರ್ಡರ್ ತಪ್ಪುವ ಸಾಧ್ಯತೆ ಕಂಡದ್ದಕ್ಕೆ ನನಗೆ ಅಷ್ಟು ಸಂತೋಷ.

ಸಮಿತಿಯಲ್ಲಿ ವಾದಿಸಿ, ಮೂರೂ ಯಂತ್ರಗಳನ್ನು ಒಂದೇ ನೀರಿನಲ್ಲಿ ಓಡಿಸಿ ನೋಡಬೇಕೆಂದು ಒಪ್ಪಿಸಿದೆ. ಅಧ್ಯಕ್ಷರು ದಿನ ಹೋಗುತ್ತದೆಂದು ಗೊಣಗಿದರು. ಕರಾವಳಿಗೆ ಹೋಗಿಬರಲು ಪುರುಸೊತ್ತಿರಲಿಲ್ಲ, ಅಲ್ಲಿ ಕಡಲು ಬೇರೆ ಉಕ್ಕುತ್ತಿತ್ತು. ಹಾಗಾಗಿ ಅಟ್ಟೂರಿನ ಹತ್ತಿರದ ಒಂದು ಕೆರೆ ಗೊತ್ತುಮಾಡಿದೆವು. ಕೆಸರು ಬೇಕಾದಷ್ಟಿದೆ, ದೋಣಿ ಸಿಗುತ್ತದೆ, ಎಲ್ಲರಿಗೂ ಹತ್ತಿರ. ಜಾಗ ಸೂಚಿಸಿದವಳು ನಾನೇ. ಅಧ್ಯಕ್ಷರು ತಕ್ಷಣ ಒಪ್ಪಿದರು. ಮಾರಾಟಗಾರರ ಕಡೆಯವರು ಯಾರೂ ದೋಣಿ ಹತ್ತಕೂಡದು ಎಂಬ ನಿಯಮವನ್ನೂ ನಾನೇ ಹಾಕಿದೆ.

ಆ ಬೆಳಿಗ್ಗೆ ಏರಿಯ ಮೇಲೆ ಮೂರು ಕಂಪನಿಗಳವರೂ ನಿಂತಿದ್ದರು. ಅವಳು ಕೊಡೆ ಹಿಡಿದುಕೊಂಡು, ಬೇಯಿಸಿದ ಕಡಲೆಕಾಯಿ ಬಿಡಿಸಿ ತಿನ್ನುತ್ತಾ, ಉಳಿದಿಬ್ಬರಿಗೂ ಹಂಚುತ್ತಿದ್ದಳು.

"ನನ್ನ ಮೆಷೀನ್ ಮೇಲೆ ಕೈ ಹಾಕೋ ಮುಂಚೆ ಕೈ ತೊಳ್ಕೊಳೇ" ಎಂದು ಕೂಗಿದಳು.

"ಸೈಲೆನ್ಸ್!" ಎಂದೆ. ಉಳಿದವರು ನಕ್ಕರು.

ಕೆರೆಯ ಮೀನು ಗುತ್ತಿಗೆ ಹಿಡಿದಿದ್ದವರ ಫೈಬರ್ ದೋಣಿ. ನಡೆಸುವವರು ಅಲ್ಲೇ ಹತ್ತಿರದ ಸಿಂಗಾಪುರ ಎಂಬ ಹಳ್ಳಿಯ ಹಳೆಯ ಒಕ್ಕಲು ಮನೆತನದವರು. ಜಮೀನು ಲೇಔಟ್ ಆಗಿ ಬಾಡಿಗೆ ಬರುತ್ತಿದ್ದರೂ ನೀರಿನ ಚಟ ಬಿಟ್ಟಿರಲಿಲ್ಲ. "ಅಮ್ಮಾವ್ರೆ, ಇಂಗೆ ಮಧ್ಯದಾಗೆ ಕೂತ್ಕಳಿ. ಬಗ್ಗಬ್ಯಾಡಿ. ಇದ್ರಾಗೆ ಮೀನು ಕಾಣ್ತಾವಾ?"

"ಮೀನಲ್ಲ, ನೆಲ."

"ನೆಲ ನೋಡಾಕೆ ಇಷ್ಟು ಜನ ಬಂದವ್ರಾ? ರಿಯಲ್ ಎಸ್ಟೇಟ್‌ನೋರಾ ಮತ್ತೆ?"

ಮೊದಲು ಬಾರ್ ಚೆಕ್ ಮಾಡಿದೆವು. ಅಳತೆಯ ಗುರುತುಗಳಿರುವ ಸರಪಳಿಗೆ ಕಬ್ಬಿಣದ ತಟ್ಟೆಯೊಂದನ್ನು ಕಟ್ಟಿ ಯಂತ್ರದ ಕೆಳಗೆ ಇಳಿಸುವುದು, ಸರಪಳಿ ಹೇಳುವ ಆಳವನ್ನೇ ಯಂತ್ರವೂ ಹೇಳುತ್ತದೆಯೇ ನೋಡುವುದು. ಮೂರೂ ಸರಿಯಾಗಿ ಹೇಳಿದವು. ಆಮೇಲೆ ಎರಡು ದಡಗಳಲ್ಲಿ ನೆಟ್ಟ ಕೆಂಪು ಬಟ್ಟೆಯ ಬಿದಿರು ಗಳುಗಳ ನಡುವಿನ ಗೆರೆಯ ಮೇಲೆ ಒಂದೊಂದೇ ಯಂತ್ರ ಕಟ್ಟಿಕೊಂಡು ಹೋದೆವು. ಮಧ್ಯದಲ್ಲಿ ಅಲ್ಲಲ್ಲಿ ನಿಗಮದ ಅಧಿಕಾರಿ ಎದ್ದು ನಿಂತು ಉದ್ದನೆಯ ಕಬ್ಬಿಣದ ಸಲಾಕೆಯನ್ನು ಕೆಸರಿನೊಳಕ್ಕೆ ಇಳಿಸುತ್ತಿದ್ದ. ಕೈಗೆ ಮೊದಲ ತಡೆ ಸಿಕ್ಕಿದ್ದು ಕೆಸರಿನ ಮೇಲ್ಪದರ, ಠಣ್ ಎಂದು ನಿಂತದ್ದು ಗಟ್ಟಿ ನೆಲ. ಅವೆರಡೂ ನಮ್ಮ ಉತ್ತರಪತ್ರಿಕೆ.

ತಿಳಿನೀರಿನ ಕಡೆ ಎಲ್ಲವೂ ಚೆನ್ನಾಗಿ ಓಡಿದವು. ಚರಂಡಿ ನೀರು ಬಂದು ಸೇರುವ ಮೂಲೆಗೆ ಹೋದಾಗ ಯಶವಂತಪುರದ ಯಂತ್ರದ ಪರದೆಯ ಮೇಲಿನ ಗೆರೆ ಒದ್ದೆ ಕಾಗದದ ಮೇಲಿನ ಇಂಕಿನಂತೆ ಹರಡಿಕೊಂಡಿತು. ಪೀಣ್ಯದ್ದು ಗೆರೆಯನ್ನೇ ಕೈಬಿಟ್ಟಿತು. ಕಾರಣ ನನಗೆ ಗೊತ್ತಿತ್ತು. ಕೊಳಚೆ ಕೊಳೆತು ಕೆಸರಿನೊಳಗೆ ಗ್ಯಾಸ್ ಗುಳ್ಳೆಗಳಾಗುತ್ತವೆ, ಗುಳ್ಳೆಗಳು ಸದ್ದನ್ನು ಚದುರಿಸಿಬಿಡುತ್ತವೆ. ಲ್ಯಾಬಿನಲ್ಲಿ ಕೆಸರಿನಡಿಯ ನೆಲ ಹುಡುಕುತ್ತಿದ್ದ ನನ್ನ ಪ್ರಾಜೆಕ್ಟ್ ಸತ್ತದ್ದೂ ಈ ಗುಳ್ಳೆಗಳಿಂದಲೇ.

ಅವಳ ಯಂತ್ರ ಅದೇ ಮೂಲೆಯಲ್ಲಿ ಎರಡು ಗೆರೆ ಎಳೆಯಿತು. ಒಂದು ಮೇಲೆ, ಒಂದು ಕೆಳಗೆ, ನುಣುಪಾಗಿ. ಸಲಾಕೆ ಇಳಿಸಿದೆವು. ಎರಡೂ ಕೂಡಿಬಂದವು.

"ವಾಪಸ್ ಹೋಗಿ, ಇನ್ನೊಂದ್ಸಲ" ಎಂದೆ.

ಇನ್ನೊಂದು ಸಲವೂ ಅದೇ.

"ಬ್ಯಾಟರಿ ಕೇಬಲ್ ತೆಗೆದು ಹಾಕಿ. ದೋಣಿ ನಿಧಾನ ಮಾಡಿ. ಈ ಕಡೆಯಿಂದ ಬನ್ನಿ."

ಅದೇ ಎರಡು ಗೆರೆ. ದೋಣಿಯವರಿಗೆ ಬೇಸರ ಬಂತು. ನಿಗಮದ ಅಧಿಕಾರಿ ಸಲಾಕೆಯ ಮೇಲೆ ಗಲ್ಲ ಊರಿಕೊಂಡು, "ಮೇಡಂ, ಅದಕ್ಕೆ ರ‍್ಯಾಂಕ್ ಬರೋವರೆಗೂ ನೀವು ಬಿಡಲ್ಲ ಅನ್ಸುತ್ತೆ" ಎಂದ. ಅದು ಫೇಲ್ ಆಗುವವರೆಗೆ ಎಂದು ನನಗೆ ಮಾತ್ರ ಗೊತ್ತಿತ್ತು. ಹೇಗೆ ಮಾಡಿದಳು ಇದನ್ನು? ಯಾವ ಪುಸ್ತಕದಲ್ಲೂ ಇಲ್ಲದ್ದು, ನಾನು ವರ್ಷಗಟ್ಟಲೆ ತಲೆ ಚಚ್ಚಿಕೊಂಡು ಕೈಬಿಟ್ಟದ್ದು, ಏರಿಯ ಮೇಲೆ ಕಡಲೆಕಾಯಿ ಸಿಪ್ಪೆ ಉಗುಳುತ್ತಿರುವ ಆ ಹೆಂಗಸಿಗೆ ಹೇಗೆ ದಕ್ಕಿತು? ನನ್ನ ಕಣ್ಣಲ್ಲಿ ನೀರು ಬಂತು. ಬಿಸಿಲಿಗೆ ಎಂದು ಹೇಳಿ ಒರೆಸಿಕೊಂಡೆ.

ಇಳಿದು ಬಂದು ಅಟ್ಟೂರಿನ ರಸ್ತೆಬದಿಯ ಅಂಗಡಿಯಲ್ಲಿ ಸಮಿತಿಯ ನಾವು ಮೂವರೇ ಟೀ ಕುಡಿದೆವು. ಅಧ್ಯಕ್ಷರಿಗೆ ಖುಷಿಯೋ ಖುಷಿ. "ನೋಡಿದ್ರಾ ಮೇಡಂ? ಸಿಂಗಲ್ ಸೋರ್ಸೇ. ನಾಳೆ ಸಹಿ ಮಾಡಿಬಿಡೋಣ."

ನಿಗಮದ ಅಧಿಕಾರಿ ಪ್ಯಾಂಟಿಗಂಟಿದ ಕೆಸರನ್ನು ಕಾಗದದಿಂದ ಒರೆಸುತ್ತಿದ್ದ. "ಥೂ, ಏನ್ ಗಬ್ಬು ಸಾರ್ ಇದು. ಸಮುದ್ರದಲ್ಲೂ ಇಂಥದೇ ಕೆಸರಿರುತ್ತಾ?"

"ಇಷ್ಟೊಂದು ಗ್ಯಾಸ್ ಇರಲ್ಲಪ್ಪ" ಎಂದೆ, ಪಾಠ ಹೇಳುವ ಅಭ್ಯಾಸದಲ್ಲಿ. "ಇದು ಡ್ರೈನೇಜ್ ಕೆಸರು. ಅಳಿವೆಯಲ್ಲಿ…"

ಅಲ್ಲಿಗೆ ನಿಂತೆ. ಅಳಿವೆಯಲ್ಲಿ ಏನಿದೆ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಕೆಸರಿನ ಷರತ್ತು ಬೇಡಿಕೆಪಟ್ಟಿಯಲ್ಲಿತ್ತು, ಹಾಗಾಗಿ ಕೆಸರಿದೆ ಎಂದುಕೊಂಡಿದ್ದೆ.

"ಸಾರ್, ಈ ಸಾಫ್ಟ್ ಕೆಸರಿನ ಷರತ್ತು ಯಾರು ಬರೆದದ್ದು?"

"ನಾನೇ ಮೇಡಂ" ಎಂದರು ಅಧ್ಯಕ್ಷರು, ಹೆಮ್ಮೆಯಿಂದ. "ನಿಮ್ಮ ಫ್ರೆಂಡು ನಮಗೆ ಒಂದು ಡೆಮೋ ಕೊಟ್ಟಿದ್ರು. ಕೆಸರಿನ ಕೆಳಗಿರೋ ನೆಲ ಹಂಗೇ ಕಾಣ್ಸುತ್ತೆ! ಇಂಥದ್ದೇ ಬೇಕು ಅನ್ನಿಸ್ತು. ಬಂದು ಬರ್ಸಿದೆ."

"ಡೆಮೋ ಎಲ್ಲಿ ಕೊಟ್ರು?"

ಅವರು ಟೀ ಲೋಟ ಹಿಡಿದ ಕೈಯಿಂದಲೇ ಏರಿಯ ಕಡೆ ತೋರಿಸಿದರು. "ಇಲ್ಲೇ. ಇದೇ ಕೆರೆ. ಅದಕ್ಕೇ ನೀವು ಹೆಸರು ಹೇಳಿದ ಕೂಡ್ಲೇ ಒಪ್ಕೊಂಡೆ."

ಅಲ್ಲಿಂದಲೇ ಬಂದರಿನ ಎಂಜಿನಿಯರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆವು. ಅಳಿವೆಯ ತಳದಲ್ಲಿ ಏನಿದೆ ಎಂದು ಕೇಳಿದೆ.

"ಹೊಯ್ಗೆ ಮೇಡಂ, ಪೂರಾ ಹೊಯ್ಗೆ" ಎಂದರು ಅವರು. ಅವರ ಕಡೆ ಮರಳಿಗೆ ಹಾಗೆನ್ನುತ್ತಾರೆ. "ಅಲೆ ತಂದು ಹಾಕ್ತದೆ. ನಡೆದ್ರೆ ಕಾಲು ಹೂತು ಹೋಗುದಿಲ್ಲ, ಅಷ್ಟು ಗಟ್ಟಿ."

"ಕೆಸರು?"

"ಉಂಟು, ಅದು ಒಳಗೆ, ಜೆಟ್ಟಿ ಬದಿಯಲ್ಲಿ. ಅಲ್ಲಿ ಯಾವ ದೋಣಿ ಮಗುಚ್ತದೆ ಮಾರಾಯ್ರೆ? ನಮ್ಗೆ ಬೇಕಾದ್ದು ಬಾಯಿಯಲ್ಲಿ."

"ಬಾಯಿಗೆ ಸಾದಾ ಸೌಂಡರ್ ಸಾಕಾ?"

"ಸಾಕೇ ಸಾಕು. ಇದ್ದ ಹಳೇದು ಹಾಳಾಗದಿದ್ರೆ ನಾವು ಕೇಳ್ತಲೇ ಇರ್ಲಿಲ್ಲ. ನಾವು ಕೇಳಿದ್ದು ಆಳ ಹೇಳುವ ಮಿಷನ್ ಅಂತ ಮಾತ್ರ."

ಮರಳು ಸದ್ದನ್ನು ಕಲ್ಲಿನಂತೆ ವಾಪಸ್ ಎಸೆಯುತ್ತದೆ. ಅದರ ಆಳ ಅಳೆಯಲು ಮೂರು ಯಂತ್ರಗಳಲ್ಲಿ ಯಾವುದಾದರೂ ನಡೆಯುತ್ತದೆ. ಬೆಂಗಳೂರಿನ ಅಧಿಕಾರಿ ಬೆಂಗಳೂರಿನ ಕೆರೆಯಲ್ಲಿ ಡೆಮೋ ನೋಡಿ, ಅಟ್ಟೂರಿನ ಕೆಸರನ್ನು ಅಳಿವೆಯ ಬೇಡಿಕೆಪಟ್ಟಿಯೊಳಗೆ ಸೇರಿಸಿದ್ದರು. ಪರೀಕ್ಷೆಗೆ ನಾನೂ ಅದೇ ಕೆರೆ ಆರಿಸಿದ್ದೆ. ಇದರಲ್ಲಿ ಲಂಚದ ವಾಸನೆ ಇರಲಿಲ್ಲ. ಕಡಲು ದೂರ, ಕೆರೆ ಹತ್ತಿರ, ಅಷ್ಟೇ.

ಆ ಸಂಜೆ ವರದಿ ಬರೆಯಲು ಕುಳಿತಾಗ ನನ್ನೆದುರು ಮೂರು ದಾರಿಗಳಿದ್ದವು. ಸಹಿ ಹಾಕಿಬಿಡುವುದು ಒಂದು. ಅದು ಸುಳ್ಳಾಗುತ್ತಿತ್ತು. ಉಳಿದ ಯಂತ್ರಗಳೂ ಕೆರೆಯಲ್ಲಿ ಹೆಚ್ಚುಕಡಿಮೆ ಸರಿಯಾಗಿಯೇ ನಡೆದವು ಎಂದು ತೇಲಿಸಿ ಬರೆಯುವುದು ಇನ್ನೊಂದು. ಅದು ಅತ್ಯಂತ ಸುಲಭ, ಯಾರೂ ಪ್ರಶ್ನಿಸುತ್ತಿರಲಿಲ್ಲ, ಅವಳ ಎರಡು ಗೆರೆಗಳು ಯಾವ ಕಾಗದದಲ್ಲೂ ಉಳಿಯುತ್ತಿರಲಿಲ್ಲ. ಅದರ ಒಂದು ಡ್ರಾಫ್ಟ್ ಟೈಪ್ ಮಾಡಿಯೂ ಇದ್ದೆ. ಓದಿ ನೋಡಿದೆ. ಇಂಗ್ಲಿಷ್ ಸೊಗಸಾಗಿತ್ತು. ಬಹಳ ದಿನಗಳಿಂದ ನಾನು ಅಷ್ಟು ಚೆನ್ನಾಗಿ ಬರೆದಿರಲಿಲ್ಲ ಅನ್ನಿಸಿದ್ದೇ ತಡ, ಭಯವಾಯಿತು.

ಅವಳಿಗೆ ಟೆಂಡರ್ ಇಲ್ಲದೆ ಆರ್ಡರ್ ಕೊಡಬಾರದು ಎಂಬುದು ಸರಿಯಾದ ತೀರ್ಮಾನ. ನನ್ನ ಹೊಟ್ಟೆಕಿಚ್ಚಿಗೆ ಬೇಕಾದದ್ದೂ ಅದೇ. ಎರಡೂ ಒಂದೇ ಕಡೆ ಕೈತೋರಿಸುತ್ತಿರುವಾಗ, ಸಹಿ ಹಾಕಿದ ಕೈ ಯಾವುದರದು ಎಂದು ನನಗೇ ಹೇಗೆ ಗೊತ್ತಾಗಬೇಕು? ಯೋಚಿಸಿ ಯೋಚಿಸಿ ಒಂದು ಉಪಾಯ ಮಾಡಿದೆ. ಹೊಟ್ಟೆಕಿಚ್ಚಿಗೆ ಯಾವ ವಾಕ್ಯ ಬರೆಯಲು ಸಾಧ್ಯವೇ ಇಲ್ಲವೋ ಅದನ್ನು ಮೊದಲು ಬರೆಯುವುದು. ಡ್ರಾಫ್ಟ್ ಅಳಿಸಿ ಹೊಸದಾಗಿ ಶುರುಮಾಡಿದೆ. "ಕೊಳಚೆಯಿಂದ ಗ್ಯಾಸ್ ತುಂಬಿದ ಮೃದು ಕೆಸರಿನ ಅಡಿಯ ಗಟ್ಟಿ ತಳವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಯಂತ್ರವನ್ನು ನನ್ನ ವೃತ್ತಿಜೀವನದಲ್ಲಿ ನಾನು ನೋಡಿಲ್ಲ." ಆ ಒಂದು ವಾಕ್ಯಕ್ಕೆ ಬೇಕಾದಷ್ಟು ಹೊತ್ತು ಉಳಿದ ಇಡೀ ವರದಿಗೆ ಬೇಕಾಗಲಿಲ್ಲ. ಮುಂದಿನದು ತಾನೇ ಬಂತು. ಅಳಿವೆಯ ತಳ ಮರಳು. ಅಲ್ಲಿ ಈ ಗುಣದ ಅಗತ್ಯವಿಲ್ಲ. ಅಗತ್ಯವಿರುವ ಕೆಲಸಕ್ಕೆ ಬದಲಿಗಳಿವೆ. ಆದ್ದರಿಂದ ಷರತ್ತು ತಿದ್ದಿ ಟೆಂಡರ್ ಕರೆಯುವುದು.

ಮೀಟಿಂಗಿನಲ್ಲಿ ಅಧ್ಯಕ್ಷರ ಮುಖ ಕಪ್ಪಿಟ್ಟಿತು. "ಮೇಡಂ, ಟೆಂಡರ್ ಅಂದ್ರೆ ಎಷ್ಟು ತಡ ಆಗುತ್ತೆ ಗೊತ್ತಾ? ಅಷ್ಟರಲ್ಲಿ ದೋಣಿ ಇಳಿದು ಒಂದು ಮಗುಚಿದ್ರೆ ನೀವು ಉತ್ತರ ಕೊಡ್ತೀರಾ?"

ಈ ಪ್ರಶ್ನೆಗೆ ನಾನು ಹೆದರಿಕೊಂಡೇ ಹೋಗಿದ್ದೆ, ಅದಕ್ಕೇ ಹಿಂದಿನ ದಿನ ಬಂದರಿನ ಎಂಜಿನಿಯರ್ ಜೊತೆ ಮತ್ತೆ ಮಾತಾಡಿದ್ದೆ. "ಅಲ್ಪಾವಧಿ ಟೆಂಡರಿಗೆ ಕಾಯ್ದೆಯಲ್ಲಿ ಅವಕಾಶ ಇದೆ ಸಾರ್, ಕಾರಣ ಬರೆದು ಮೇಲಿನವರ ಒಪ್ಪಿಗೆ ತಗೊಳ್ಳಿ. ಅದೂ ತಡವಾದ್ರೆ ಪಕ್ಕದ ಬಂದರಲ್ಲಿ ಸರ್ವೆ ಬೋಟ್ ಬಾಡಿಗೆಗೆ ಸಿಗುತ್ತಂತೆ. ಈ ಸಲದ ದಾರಿ ಅದರಲ್ಲೇ ಅಳೆದು ಗುರುತು ಹಾಕಿಸಬಹುದು."

ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ಜನ ಏನಂತಾರೆ ಗೊತ್ತಾ ಮೇಡಂ? ಫ್ರೆಂಡ್ ಮುಂದೆ ಬಂದಿದ್ದಕ್ಕೆ ಹೊಟ್ಟೆಕಿಚ್ಚು ಅಂತಾರೆ."

"ಅನ್ನಲಿ ಸಾರ್" ಎಂದೆ.

ಅಧ್ಯಕ್ಷರು ಕಿಟಕಿಯಾಚೆ ನೋಡಿದರು. ನಿಗಮದ ಅಧಿಕಾರಿ ವರದಿಯನ್ನು ಮತ್ತೆ ಓದಿ, "ನಾನು ಒಪ್ತೀನಿ ಮೇಡಂ. ಆದ್ರೆ ಈ ಮೊದಲ್ನೇ ಪ್ಯಾರಾ ಬೇಡ. ಇಷ್ಟು ಹೊಗಳಿ ಆಮೇಲೆ ತಗೋಬೇಡಿ ಅಂದ್ರೆ ಆಡಿಟ್‌ನೋರು ತಲೆ ತಿಂತಾರೆ. ತೆಗೆದುಬಿಡಿ" ಎಂದ.

ತೆಗೆದುಬಿಡು ಎಂದು ಇನ್ನೊಬ್ಬರೇ ಹೇಳುತ್ತಿದ್ದಾರೆ. ಆ ಕ್ಷಣದ ಆಸೆ ಎಂಥದ್ದಿತ್ತೆಂದು ವಿವರಿಸಲಾರೆ.

"ಆ ಪ್ಯಾರಾ ಇಲ್ಲದಿದ್ರೆ ನನ್ನ ಸಹಿ ಇಲ್ಲ" ಎಂದೆ.

ಸಹಿಗಳಾದವು, ಅಧ್ಯಕ್ಷರದ್ದು ಕೊನೆಗೆ. ಮರುದಿನವೇ ಅವಳ ಫೋನ್ ಬಂತು. "ಏನ್ ಮಾನಿಟರ್, ಕೊನೆಗೂ ನನ್ನ ಹೆಸರು ಬೋರ್ಡ್ ಮೇಲೆ ಬರೆದ್ಯಾ?"

"ಮರಳು ಕಣೇ ಅಲ್ಲಿ. ನಿನ್ನ ಮೆಷೀನ್ ಬೇಕಾಗಿಲ್ಲ."

"ಗೊತ್ತು."

"ಗೊತ್ತಿತ್ತಾ?"

"ನಾನು ತೋರಿಸಿದ್ದು ಡೆಮೋ. ಇದೇ ಬೇಕು ಅಂತ ಅವರೇ ಹಿಂದೆ ಬಿದ್ರೆ, ಬೇಡ ಸಾರ್, ಸಾದಾದು ತಗೊಳ್ಳಿ ಅಂತ ನಾನು ಅನ್ಬೇಕಿತ್ತಾ? ತಿಂಗಳಾದ್ರೆ ಅಷ್ಟು ಹುಡುಗಿಯರಿಗೆ ಸಂಬಳ ಕೊಡ್ಬೇಕು ನಾನು. ನಿಂಗೆ ಪೆನ್ಶನ್ ಬರುತ್ತೆ." ಆಮೇಲೆ ಕೇಳಿದಳು, "ನಿಜ ಹೇಳು. ನನ್ನ ಮೇಲಿನ ಉರಿಗೆ ಮಾಡಿದ್ದಾ?"

"ಅದೂ ಇತ್ತು" ಎಂದೆ.

ಅವಳು ನಕ್ಕಳೋ, ಮೂಗೇರಿಸಿದಳೋ ತಿಳಿಯಲಿಲ್ಲ. ಫೋನ್ ಇಟ್ಟಳು.

ಅಲ್ಪಾವಧಿ ಟೆಂಡರ್ ಆಯಿತು. ಅವಳೂ ಸಾದಾ ಮಾಡೆಲ್ ಒಂದನ್ನು ಹಾಕಿದ್ದಳು, ದರ ಹೆಚ್ಚಾಗಿ ಬಿಟ್ಟುಹೋಯಿತು. ಯಶವಂತಪುರದವರಿಗೆ ಸಿಕ್ಕಿತು. ದೋಣಿಗಳು ಇಳಿಯುವ ಮೊದಲೇ ಅಳಿವೆಯಲ್ಲಿ ಗುರುತುಗಳು ತೇಲುತ್ತಿದ್ದವು ಎಂದು ಬಂದರಿನ ಎಂಜಿನಿಯರ್ ಫೋಟೊ ಕಳಿಸಿದರು. ಅವಳು ಮಾತು ಬಿಟ್ಟಳು. ನಾನೂ ಫೋನ್ ಮಾಡಲಿಲ್ಲ.

ಚಳಿ ಶುರುವಾದ ಮೇಲೆ ಒಂದು ದಿನ ಗೇಟಿನ ಮುಂದೆ ಅವಳ ಕಾರು ನಿಂತಿತು. ಅಯ್ಯಂಗಾರ್ ಬೇಕರಿಯ ದಿಲ್‌ಪಸಂದ್ ಡಬ್ಬ ನನ್ನ ಕೈಗಿಟ್ಟು, ಸೋಫಾದ ಮೇಲೆ ಕುಸಿದು, ಬ್ಯಾಗಿನಿಂದ ಮಿರುಗುವ ಬ್ರೋಷರ್ ತೆಗೆದು ಟೀಪಾಯಿಯ ಮೇಲೆ ಹಾಕಿದಳು.

ಮೊದಲ ಪುಟದಲ್ಲಿ ಅವಳ ಯಂತ್ರ, ಹಿಂದೆ ಒಂದು ಕೆರೆ. ಒಳಗಿನ ಪುಟದಲ್ಲಿ, ಅರ್ಧ ಪುಟದಷ್ಟು ದೊಡ್ಡ ಅಕ್ಷರದಲ್ಲಿ, ಇಂಗ್ಲಿಷಿನಲ್ಲೂ ಕನ್ನಡದಲ್ಲೂ ನನ್ನ ವಾಕ್ಯ. ಕೆಳಗೆ: ತಜ್ಞ ಸಮಿತಿಯ ವರದಿಯಿಂದ.

"ಇದು ನಿಂಗೆ ಹೇಗೆ ಸಿಕ್ತು?"

"ಆರ್‌ಟಿಐ ಹಾಕಿ ತಗೊಂಡೆ. ಪಬ್ಲಿಕ್ ಡಾಕ್ಯುಮೆಂಟ್ ಕಣೇ. ನೀನು ಕೆಸರು ಕೆಸರು ಅಂತ ಬರೆದಿದ್ಯಲ್ಲ, ಓದ್ತಾ ಓದ್ತಾ ಹೊಳೀತು. ನಂಗ್ಯಾಕೆ ಸಮುದ್ರ? ಈ ಊರಲ್ಲಿ ಎಷ್ಟು ಕೆರೆ ಇವೆ, ಎಷ್ಟು ಹೂಳಿದೆ! ಹೂಳೆತ್ತೋರಿಗೆ ಎತ್ತೋ ಮುಂಚೆ ಎಷ್ಟಿದೆ, ಎತ್ತಿದ ಮೇಲೆ ಎಷ್ಟಿದೆ ಅಂತ ಅಳೀಬೇಕಲ್ಲ. ಎರಡು ಟೆಂಡರ್ ಗೆದ್ದೆ. ಟೆಂಡರ್ ಕಣೇ, ಕಾಂಪಿಟಿಷನ್‌ನಲ್ಲಿ. ಎಲ್ಲಿ ಹೋದ್ರೂ ಮೊದಲು ನಿನ್ನ ವಾಕ್ಯ ಓದ್ತಾರೆ."

"ಒಳ್ಳೇದಾಯ್ತು" ಎಂದೆ. ದಿಲ್‌ಪಸಂದ್ ಕತ್ತರಿಸಲು ಚಾಕು ತರುತ್ತೇನೆಂದು ಒಳಗೆ ಹೋಗಿ, ತೊಳೆದಿಟ್ಟಿದ್ದ ಚಾಕುವನ್ನೇ ಮತ್ತೆ ತೊಳೆದೆ. ನಾನು ಇಷ್ಟು ವರ್ಷ ಬರೆದ ಪೇಪರುಗಳನ್ನು ಯಾರು ಓದಿದರೋ ಗೊತ್ತಿಲ್ಲ. ಊರೆಲ್ಲ ಓದುತ್ತಿರುವ ನನ್ನ ಒಂದೇ ವಾಕ್ಯ ಅವಳ ಯಂತ್ರದ ಮೇಲಿನದು.

ಹೊರಡುವಾಗ ಅವಳು ಮೆಟ್ಟಿಲ ಮೇಲೆ ನಿಂತು, "ಆ ಗುಳ್ಳೆ ಮೂಲೆಯ ಡೇಟಾ ಪೂರ್ತಿ ಇದೆ. ಬಂದು ನೋಡ್ತೀಯಾ? ಹುಡುಗಿಯರಿಗೂ ಯಾರಾದ್ರೂ ಬೈಯೋರು ಬೇಕು" ಎಂದಳು.

"ನೋಡೋಣ" ಎಂದೆ.

ಇನ್ನೂ ಹೋಗಿಲ್ಲ. ಕಾಲೇಜಿಗೆ ಹೋಗುವ ದಿನಗಳಲ್ಲಿ ಬಸ್ಸು ಹೆಬ್ಬಾಳ ದಾಟಿ ಮುಂದೆ ಹೋಗುವಾಗ ಒಂದು ಕೆರೆಯಲ್ಲಿ ಪುಟ್ಟ ದೋಣಿಯೊಂದು ಒಂದು ದಡದಿಂದ ಇನ್ನೊಂದಕ್ಕೆ ನೇರ ಗೆರೆ ಎಳೆದಂತೆ ಹೋಗುವುದು ಕಾಣುತ್ತದೆ. ಅದರಲ್ಲಿ ಟೋಪಿ ಹಾಕಿಕೊಂಡ ಇಬ್ಬರು ಹುಡುಗಿಯರು ಪರದೆಯ ಮೇಲೆ ಬಗ್ಗಿರುತ್ತಾರೆ. ನಾನು ಕಿಟಕಿ ಪಕ್ಕದ ಸೀಟೇ ಹಿಡಿಯುತ್ತೇನೆ. ಮರಗಳು ಅಡ್ಡ ಬರುವವರೆಗೂ ನೋಡುತ್ತೇನೆ, ಆಮೇಲೆ ಹಿಂದಿನ ಸೀಟಿನವರ ಭುಜದ ಮೇಲಿನಿಂದ ಕತ್ತು ಹೊರಳಿಸಿ ಮತ್ತೆ ನೋಡುತ್ತೇನೆ.